ಮೂರು ಬಿದ್ದಾಗ ನಾಲ್ಕು ಮನೆ

ನನ್ನ ಮಗಳಿಗೆ ಎಣಿಸಲು ಕಲಿಸಿದವಳು ನಾನೇ. ತನ್ನ ಎಣಿಕೆಯನ್ನು ತಾನೇ ನಂಬದ ಹಾಗೆ ಮಾಡಿದವಳೂ ನಾನೇ. ಮೊದಲನೆಯದನ್ನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ — ಎರಡನೆಯದರ ಬಗ್ಗೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಆಗ ಸಿಂಚನಾಗೆ ಐದು ವರ್ಷ. ಶ್ರೀಗಂಧದ ಕಾವಲ್‌ನಲ್ಲಿ ಬಾಡಿಗೆಗಿದ್ದೆವು. ರಾಜಾಜಿನಗರದ ಔಷಧಿ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಬಿಲ್ ಹಾಕಿ, ಮಾಗಡಿ ರಸ್ತೆಯ ಟ್ರಾಫಿಕ್ ದಾಟಿ ಮನೆ ಸೇರುವಾಗ ಕಾಲುಗಳು ನನ್ನವೇ ಅನ್ನಿಸುತ್ತಿರಲಿಲ್ಲ. ನಾನು ಬಂದ ಕೂಡಲೇ ಅವಳಪ್ಪ ರಾತ್ರಿ ಪಾಳಿಗೆ ಹೊರಡುತ್ತಿದ್ದರು. ಅವಳು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಚೌಕಾಬಾರದ ಮನೆಗಳನ್ನು ಬರೆದು, ಕವಡೆ ಹಿಡಿದು ಕಾಯುತ್ತಿದ್ದಳು. ಮಗ್ಗಿ ಪುಸ್ತಕ ಕಂಡರೆ ಓಡುತ್ತಿದ್ದ ಮಗುವಿಗೆ ಲೆಕ್ಕ ಹತ್ತಿದ್ದು ಆ ಆಟದಿಂದಲೇ. ಎಷ್ಟು ಬಿತ್ತು, ಎಷ್ಟು ಮನೆ ನಡೆಸಬೇಕು, ಕಾಯಿ ಹಣ್ಣಾಗಲು ಇನ್ನೆಷ್ಟು ಬೇಕು — ಕೂಡುವುದು, ಕಳೆಯುವುದು ಎರಡೂ ಆಡುತ್ತಾ ಆಡುತ್ತಾ ಬಂದುಬಿಟ್ಟವು.

ಒಂದು ಸಂಜೆ ನನಗೆ ಮೈ ಚಾಚಿದರೆ ಸಾಕಾಗಿತ್ತು. ನನ್ನ ಕೊನೆಯ ಕಾಯಿ ಹಣ್ಣಾಗಲು ನಾಲ್ಕು ಬೇಕಿತ್ತು. ಮೂರು ಬಿತ್ತು. ನಾಲ್ಕು ಮನೆ ನಡೆಸಿ, "ಗೆದ್ದೆ, ಆಟ ಮುಗೀತು" ಎಂದೆ.

"ಅಮ್ಮಾ, ಮೂರಲ್ವಾ ಬಿದ್ದಿದ್ದು?"

ಹೌದು ಅನ್ನಬಹುದಿತ್ತು. ನಕ್ಕುಬಿಡಬಹುದಿತ್ತು. ನಾನು —

"ನಿಂಗಿನ್ನೂ ಸರಿಯಾಗಿ ಎಣಿಸೋಕೇ ಬರಲ್ಲ ಕಣೇ. ನಾಲ್ಕೇ ಬಿದ್ದಿದ್ದು."

ಮತ್ತೆ ಎಣಿಸಲು ಅವಳು ಬಗ್ಗುವಷ್ಟರಲ್ಲಿ ಕವಡೆಗಳನ್ನು ಬಾಚಿಕೊಂಡೆ. ಅಳಲಿಲ್ಲ ಅವಳು. ಖಾಲಿ ನೆಲವನ್ನೇ ನೋಡುತ್ತಾ ಬೆರಳು ಮಡಿಸಿದಳು, ಬಿಡಿಸಿದಳು.

ಒಮ್ಮೆಯಾಗಿದ್ದರೆ ಮರೆಯುತ್ತಿದ್ದಳೇನೋ. ಅದು ಎಷ್ಟು ಸುಲಭ ಎಂದು ತಿಳಿದ ಮೇಲೆ, ಆಯಾಸವಾದಾಗಲೆಲ್ಲ ಹಾಗೇ ಮಾಡಿದೆ. ಬರಬರುತ್ತಾ ಅವಳು ಪ್ರಶ್ನಿಸುವುದನ್ನು ಬಿಟ್ಟಳು. ತನ್ನ ಕಾಯಿ ನಡೆಸುವ ಮುಂಚೆಯೂ "ಸರಿನಾ ಅಮ್ಮ?" ಎಂದು ನನ್ನ ಮುಖ ನೋಡತೊಡಗಿದಳು. ಹೇಳಿದ ಮಾತು ಕೇಳುವ ಮಗು ಅಂದುಕೊಂಡೆ — ಇಲ್ಲ, ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಈಗ ಎಂಟನೇ ಕ್ಲಾಸು. ಮೊನ್ನೆ ಅವಳ ಗಣಿತದ ಮಿಸ್ ಶಾಲೆಗೆ ಕರೆಸಿದರು.

"ಉತ್ತರ ಸರಿಯಾಗೇ ಬರೀತಾಳೆ ಮೇಡಂ. ಆಮೇಲೆ ತಾನೇ ಹೊಡೆದು ಹಾಕಿ, ಪಕ್ಕದವಳದ್ದು ನೋಡಿ ತಪ್ಪು ಬರೀತಾಳೆ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ ಮಿಸ್" ಅಂದೆ. ಸಿಂಚನಾ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಆಗಲೂ — ಆಗಲೂ ಹೇಳಲಿಲ್ಲ.

ಮನೆಗೆ ಬಂದು ಬೀಗ ತೆಗೆಯುತ್ತಿದ್ದಾಗ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವತ್ತು ನೀನು ಎಣಿಸಿದ್ದೇ ಸರಿ, ನನಗೆ ಆಟ ಬೇಗ ಮುಗಿಯಬೇಕಿತ್ತು, ಅಷ್ಟೇ ಅಂತ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ.

ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡು, ಬಾಗಿಲು ತೆರೆದು ಅವಳೆಂದಳು:

"ಸುಸ್ತಾಗಿದೆ ಅಂತ ಒಂದ್ ಮಾತು ಹೇಳಿದ್ರೆ ನಾನೇ ನಿಲ್ಲಿಸ್ತಿದ್ನಲ್ಲಮ್ಮ."

ಅಷ್ಟು ಹೇಳಿ ಒಳಗೆ ಹೋದಳು. ಅವಳು ಹೇಳಿದ್ದು ನಿಜ. ನಿಲ್ಲಿಸುತ್ತಿದ್ದಳು.