ಆರು ಕುರ್ಚಿ, ಒಂದು ಜೀಪು

ಸ್ನೇಹಿತರೇ, ಅವಸರದಲ್ಲಿ ಬರೀತಿದ್ದೀನಿ, ತಪ್ಪಿದ್ದರೆ ಮನ್ನಿಸಿ.

ತಮಿಳುನಾಡಿನ ತೇವಾರಂನಲ್ಲಿರೋ ನಮ್ಮ ಆಸರೆ ಮನೆಯ ತಪಾಸಣೆಗೆ ಇವತ್ತು ಜಿಲ್ಲಾ ಕೇಂದ್ರ ತೇನಿಯಿಂದ ಅಧಿಕಾರಿ ಬಂದಿದ್ದರು. ಜೈಲಿನ ಬದಲು ಇಲ್ಲಿದ್ದು ತಿದ್ದಿಕೊಳ್ಳಿ ಅಂತ ಕೋರ್ಟು ಕಳಿಸಿದ ಐದು ಜನರನ್ನು ಇಲ್ಲಿ ನಾನು ನೋಡಿಕೊಳ್ತೀನಿ. ಇದು ಮನೆ ಥರಾನೇ ಇದೆ ಅಂತ ಅವರು ಬರೆದರೆ ಸರ್ಕಾರದ ಅನುದಾನ ಉಳಿಯುತ್ತೆ. ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು, ಐದೂ ಜನ ಜೈಲಿಗೆ.

ನನಗೂ ಸೇರಿಸಿ ಆರು ಕುರ್ಚಿಗಳನ್ನು ಪಕ್ಕದ ಮನೆಯಿಂದ ತಂದು ಜಗಲಿಗೆ ಹಾಕಿ, ಎಲ್ಲರನ್ನೂ ಕೂರಿಸಿದ್ದೆ. ಗೇಟಿನಲ್ಲಿ ಜೀಪು ನಿಂತಿದ್ದೇ ತಡ, ಐದೂ ಜನ ಧಡಕ್ಕನೆ ಇಳಿದು ನೆಲದ ಮೇಲೆ ಸಾಲಾಗಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. ರಿಮ್ಯಾಂಡಿನಲ್ಲಿ ಜೈಲಿನಲ್ಲಿದ್ದಾಗ ದಿನಾ ತಲೆ ಎಣಿಕೆಗೆ ಕೂತ ಅಭ್ಯಾಸ. ಮುಂದಿದ್ದ ರಾಸು ತಲೆ ತಗ್ಗಿಸಿ "ಒಣ್ಣು" ಅಂತ ತಮಿಳಿನಲ್ಲಿ ಒಂದರಿಂದ ಎಣಿಕೆಯನ್ನೂ ಶುರು ಮಾಡಿದ!

"ಇದು ಎನ್ನಮ್ಮಾ, ವೀಡಾ, ಜೈಲಾ?" ಮನೆಯೋ ಜೈಲೋ ಅಂತ ಅಧಿಕಾರಿ ನನ್ನನ್ನೇ ಕೇಳಿದರು. ಅವರು ಏನೋ ಬರೆದುಕೊಂಡು ಹೊರಟರು. ಏನು ಅಂತ ಹೇಳಲಿಲ್ಲ.

"ಈಗಲಾದ್ರೂ ಮೇಲೆ ಕೂತ್ಕೊಳ್ರಪ್ಪಾ" ಅಂದೆ.

"ಬ್ಯಾಡಕ್ಕಾ, ಜೀಪು ತಿರ್ಗಿ ಬಂದ್ರೆ?" ಅಂದ ರಾಸು.

ಜಗಲಿಯಲ್ಲೇ ಕೂತು ಇದನ್ನು ಬರೆಯೋ ಹೊತ್ತಿಗೂ ಆರೂ ಕುರ್ಚಿ ಖಾಲಿ. ನನ್ನದೂ ಸೇರಿ.