ಬಿತ್ತದೆ ಬಿಟ್ಟ ಮೂಲೆ

ಸನ್ಮಾನ ಮಾಡುವವರೆಲ್ಲ ನನ್ನ ಬಡತನದ ಬಗ್ಗೆ ಮಾತಾಡುತ್ತಾರೆ. ಚಾಂಪಿಯನ್ ಆದವಳು ಉಪವಾಸ ಬಿದ್ದಿರಲೇಬೇಕು ಎಂದು ಅವರಿಗೆ ಯಾರು ಹೇಳಿದರೋ. ನಮ್ಮ ಮನೆಯಲ್ಲಿ ರೊಟ್ಟಿ, ಹಾಲು, ಬೆಣ್ಣೆಗೆ ಯಾವತ್ತೂ ಕೊರತೆ ಇರಲಿಲ್ಲ. ನನಗಿದ್ದ ತೊಂದರೆ ಒಂದೇ, ಅದು ನಮ್ಮ ಕಾಕಾ.

ರೋಣದ ಹೊರಗಿರುವ ನಮ್ಮ ಹೊಲದ ಒಂದು ಮೂಲೆಯನ್ನು ಅಪ್ಪ ನನಗಾಗಿ ಬಿತ್ತದೆ ಬಿಟ್ಟಿದ್ದ. ಅದರ ಅಂಚಿಗೆ ಸಿಮೆಂಟಿನ ವೃತ್ತ ಹಾಕಿಸಿಕೊಂಡು ನಾನು ಡಿಸ್ಕಸ್ ಎಸೆಯುತ್ತಿದ್ದೆ. ಒಕ್ಕಲುತನವೆಲ್ಲ ಅಪ್ಪನ ತಮ್ಮನದು, ಅಂದರೆ ಕಾಕಾನದು. ಕಡಲೆ ಬೆಳೆಯುವ ನೆಲ ಖಾಲಿ ಬಿದ್ದಿರುವುದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ. ಆ ವರ್ಷ ಕರಾರು ಹಾಕಿದ: ರಾಜ್ಯ ಕ್ರೀಡಾಕೂಟದಲ್ಲಿ ಒಂದನೇ ನಂಬರು ಬಂದರೆ ಮೂಲೆ ನನ್ನದು, ಇಲ್ಲದಿದ್ದರೆ ಹಿಂಗಾರಿಗೆ ಕಡಲೆಯದು. ಅಪ್ಪ ಹೂಂ ಎಂದು ತಲೆಯಾಡಿಸಿದ. ನನ್ನನ್ನು ಯಾರೂ ಕೇಳಲಿಲ್ಲ.

ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಡಿಸ್ಕಸ್ ಬಿರುಕಿಗೆ ಬಿದ್ದರೆ ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ. ಹಾಗಾಗಿ ಎಸೆದ ಕೂಡಲೇ, ಅದರ ಮೇಲಿಟ್ಟ ಕಣ್ಣು ಕೀಳದೆ, ಮುಂದಕ್ಕೆ ಓಡುವುದು ನನಗೆ ರೂಢಿಯಾಗಿತ್ತು. ಕೂಟದ ನಿಯಮ ಬೇರೆ. ಡಿಸ್ಕಸ್ ನೆಲ ಮುಟ್ಟುವವರೆಗೆ ವೃತ್ತ ಬಿಡಬಾರದು, ಆಮೇಲೂ ಹಿಂಬದಿಯಿಂದಲೇ ಹೊರಬರಬೇಕು. ನಿಯಮ ನನಗೆ ಬಾಯಿಪಾಠವಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಮೊದಲ ಎಸೆತ ಎಲ್ಲರಿಗಿಂತ ದೂರ ಹೋಯಿತು. ನಾನೂ ಅದರ ಹಿಂದೆಯೇ ಹೋದೆ. ಕೆಂಪು ಬಾವುಟ ಎದ್ದಿತು, ಎಸೆತ ಲೆಕ್ಕಕ್ಕೆ ಬರಲಿಲ್ಲ. ಎರಡನೆಯ ಸಲವೂ ಅದೇ ಗತಿ. ತಂದುಕೊಡಲು ನಮ್ಮ ಜನ ಇದ್ದಾರೆ, ನೀವೇಕೆ ಓಡುತ್ತೀರಿ ಎಂದು ತೀರ್ಪುಗಾರರು ನಕ್ಕರು. ನನಗೆ ನನ್ನ ಕಾಲುಗಳ ಮೇಲೆಯೇ ಸಿಟ್ಟು ಬಂತು. ಮೂರನೆಯ ಸಲ ಎಸೆದು ಕಣ್ಣು ಮುಚ್ಚಿ ನಿಂತುಬಿಟ್ಟೆ. ಉಳಿದದ್ದನ್ನೆಲ್ಲ ಹೆದರಿ ಹೆದರಿಯೇ ಎಸೆದೆ. ಒಂದು ಗೇಣಿನ ಅಂತರದಲ್ಲಿ ಎರಡನೇ ಸ್ಥಾನಕ್ಕೆ ಬಿದ್ದೆ.

ಊರಿಗೆ ಬಂದ ಮೂರನೇ ದಿನ ಮುಂಜಾನೆ ಕಾಕಾ ಎತ್ತು ಹೂಡಿಕೊಂಡು, ಬಿತ್ತುವ ಕೂರಿಗೆ ಕಟ್ಟಿಕೊಂಡು ಮೂಲೆಗೆ ಬಂದ. ನಾನು ಹೋಗಿ ಎತ್ತುಗಳ ಮುಂದೆ ಕಾಲು ಚಾಚಿ ಕೂತೆ.

"ಏಳ ಮಗಳ, ನೆಲದ ಹದ ಆರಾಕ ಹತ್ತೈತಿ. ಮಾತಂದ್ರ ಮಾತ."

"ಮಾತ ಕೊಟ್ಟಿದ್ದು ಅಪ್ಪ, ನಾ ಅಲ್ಲ. ನನ್ನ ದಾಟಿ ಬಿತ್ತೂದಿದ್ರ ಬಿತ್ತ."

ಅಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಕಾಕಾ ಎಲೆ ಅಡಿಕೆ ಹಾಕಿಕೊಂಡು ಕೂತ. ಬಿಸಿಲು ನೆತ್ತಿಗೆ ಬಂತು, ಎತ್ತುಗಳು ಸಗಣಿ ಹಾಕಿದವು, ನಾನು ಅಲುಗಲಿಲ್ಲ. ಕೊನೆಗೆ ಅವನು ಎತ್ತು ಹೊಡೆದುಕೊಂಡು ಮನೆಗೆ ಹೋದ.

ಮರುವರ್ಷ ಒಂದನೇ ನಂಬರು ಬಂದೆ, ಆಮೇಲೂ ಬಹಳ ಸಲ ಬಂದೆ. ಈಗ ಕಾಕಾ ನರಗುಂದ, ಗಜೇಂದ್ರಗಡದ ಬೀಗರ ಮುಂದೆಲ್ಲ ಆ ಮೂಲೆಯನ್ನು ತಾನೇ ಬಿಟ್ಟುಕೊಟ್ಟೆನೆಂದು ಹೇಳಿಕೊಳ್ಳುತ್ತಾನೆ. ಅವನು ಕೊಡಲಿಲ್ಲ. ನಾನು ಏಳಲಿಲ್ಲ.