ಪರದೆಯ ಹಿಂದೆ ಕೂರುವ ಮರ್ಲಿ

ಇನ್ನೂ ಬೆಳಕು ಹರಿದಿಲ್ಲ. ಇಲೊಯಿಲೊ ಪಟ್ಟಣದ ಮದುವೆ ಮನೆಯೊಂದರ ಅಡುಗೆಕೋಣೆಯಲ್ಲಿ, ಬೆಳ್ಳುಳ್ಳಿ ಅನ್ನ ಹುರಿಯುವ ಬಾಣಲೆಯ ಪಕ್ಕ, ಮರ್ಲಿ ನುಫಾಬ್ಲೆ ತನ್ನ ಲ್ಯಾಪ್‌ಟಾಪ್ ತೆರೆದು ಕೂತಿದ್ದಾಳೆ. ಕ್ಯಾಮೆರಾದ ರೋನೆಲ್ ಮಹಡಿಯಿಂದ ಇಳಿದು ಬಂದು ಮೊದಲ ಮೆಮೊರಿ ಕಾರ್ಡನ್ನು ಅವಳ ಕೈಗಿಡುತ್ತಾನೆ.

"ಅಕ್ಕಾ, ಕಣ್ಣೀರು ಸಿಕ್ತು."

"ಮದುಮಗಳದ್ದಾ?"

"ಮೇಕಪ್‌ನವಳದ್ದು. ಕೃತಕ ರೆಪ್ಪೆಯ ಅಂಟು ಕಣ್ಣಿಗೆ ಹೋಯ್ತಂತೆ."

ಇಲ್ಲಿ ಬೆಳಗಿನ ಮದುವೆಯ ವಿಡಿಯೊವನ್ನು ಅದೇ ಸಂಜೆಯ ಔತಣದಲ್ಲಿ ತೋರಿಸಲೇಬೇಕು. ಅದರಲ್ಲಿ ಯಾರು ಕಾಣಬೇಕು, ಯಾವ ಹಾಡು ಬೇಕು ಎಂದು ತಿಂಗಳ ಮೊದಲೇ ಮದುಮಗಳ ಜೊತೆ ಕೂತು ಗೊತ್ತುಮಾಡುವವಳು ಮರ್ಲಿ. ಕಾರ್ಡು ಬಂದಂತೆ ಆರಿಸಿ, ಕತ್ತರಿಸಿ, ಜೋಡಿಸಿ, ಪಾದ್ರಿಯ ಮಾತಿನಿಂದ ಫ್ಯಾನಿನ ಸದ್ದು ತೆಗೆಯುವವಳೂ ಅವಳೇ. ಕೊನೆಗೆ ಪರದೆ ತುಂಬ ಮೂಡುವುದು ಮಾತ್ರ ಸ್ಟುಡಿಯೊ ಮಾಲೀಕನ ಹೆಸರು. ಆತ ದಿನವಿಡೀ ಮಾಡುವುದು ಅತಿಥಿಗಳ ಕೈ ಕುಲುಕುವುದಷ್ಟೇ. ನಾಚಿಕೆಗೇಡಿತನಕ್ಕೂ ಒಂದು ಮಿತಿ ಬೇಡವೇ?

ಮರ್ಲಿ ಕೆಲಸ ಕಲಿತದ್ದು ಶವಸಂಸ್ಕಾರದ ವಿಡಿಯೊ ಜೋಡಿಸುತ್ತ. "ಅಲ್ಲಿ ಯಾರೂ ಬೈತಿರ್ಲಿಲ್ಲ," ಎಂದು ನಗುತ್ತಾಳೆ.

ಇಲ್ಲಿ ಬೈಯುತ್ತಾರೆ. ಮಧ್ಯಾಹ್ನ, ಔತಣದ ಹಾಲ್‌ನ ಮೆಟ್ಟಿಲ ಕೆಳಗೆ ಅವಳು ಕತ್ತು ಬಗ್ಗಿಸಿ ಕೂತಿರುವಾಗ, ಮದುವೆಯ ಉಸ್ತುವಾರಿಯ ಗ್ರೇಸೆಲ್ ಮೇಡಂ ಹೆಗಲ ಮೇಲಿಂದ ಇಣುಕುತ್ತಾರೆ. ಜೋಡಿಸುತ್ತಿರುವ ದೃಶ್ಯದಲ್ಲಿ ಏಪ್ರನ್ ತೊಟ್ಟ ಮುದುಕಿಯೊಬ್ಬಳು ನೆಲಕ್ಕೆ ಕೂತು ಮದುಮಗಳ ಚಪ್ಪಲಿಯ ಪಟ್ಟಿ ಹಾಕುತ್ತಿದ್ದಾಳೆ.

"ಈ ಕೆಲಸದವಳು ಯಾಕೆ? ತೆಗಿ. ಆ ಜಾಗಕ್ಕೆ ಮೇಯರ್ ಸಾಹೇಬರು ಕಾರಿಳಿಯೋದು ಹಾಕು."

"ಮದುಮಗಳನ್ನ ಸಾಕಿದ್ದು ಇವರೇ ಮೇಡಂ. ಅವಳು ಕೇಳಿದ್ದು ಇದೊಂದೇ."

"ಮುಂದಿನ ಮದುವೆಗೆ ಬೇರೆಯವರನ್ನ ಕರೀತೀನಿ."

"ಕರೀರಿ," ಎನ್ನುತ್ತಾಳೆ ಮರ್ಲಿ. ದೃಶ್ಯವನ್ನು ತೆಗೆಯುವುದಿಲ್ಲ.

ಸಂಜೆ ವಿಡಿಯೊ ಓಡುವಾಗ ಅವಳ ಜಾಗ ವೈರುಗಳ ನಡುವೆ, ಪರದೆಯ ಹಿಂದೆ. ಜನ ನಗುವುದು, ಮೂಗು ಒರೆಸಿಕೊಳ್ಳುವುದು ಕೇಳಿಸುತ್ತದೆ. ನೋಡುವವರ ಮುಖ ಅವಳು ಕಂಡದ್ದೇ ಇಲ್ಲ. "ಒಂದ್ಸಲ ಮುಂದೆ ಕೂತು ನೋಡ್ಬೇಕು. ವಿಡಿಯೊ ಅಲ್ಲ, ನೋಡೋರನ್ನ."

ಚಪ್ಪಲಿಯ ದೃಶ್ಯ ಬರುತ್ತದೆ. ಮದುಮಗಳು ಬಿಕ್ಕುವುದು ಪರದೆಯ ಹಿಂದಕ್ಕೂ ಕೇಳುತ್ತದೆ.

ಊಟದ ಗದ್ದಲ ಕಳೆದ ಮೇಲೆ ಆ ಮುದುಕಿ, ಪಿಲಾರ್, ಅನ್ನ ಕೋಳಿಯ ತಟ್ಟೆ ಹಿಡಿದು ಅಲ್ಲಿಗೇ ಬರುತ್ತಾಳೆ. ಇಡೀ ಮದುವೆಯಲ್ಲಿ ಮರ್ಲಿಯ ಹೊಟ್ಟೆ ನೆನಪಾದದ್ದು ಅವಳೊಬ್ಬಳಿಗೆ.

"ಉಣ್ಣು ಮಗಳೇ. ನಾನೂ ಅದ್ರಲ್ಲಿ ಬಂದ್ನಂತೆ? ಪಾತ್ರೆ ತೊಳೀತಿದ್ದೆ, ನೋಡೋಕಾಗ್ಲಿಲ್ಲ."

ಮರ್ಲಿ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿ, ತಾನು ಆ ಮುಖಕ್ಕೆ ಎದುರಾಗಿ ಕೂರುತ್ತಾಳೆ. ತುತ್ತು ಕೈಯಲ್ಲೇ ಉಳಿಯುತ್ತದೆ.

ಪಿಲಾರ್ ಬಗ್ಗಿ ಕೊನೆಯವರೆಗೂ ನೋಡುತ್ತಾಳೆ. ಆಮೇಲೆ ಕಣ್ಣೊರೆಸಿಕೊಂಡು ಗದರುತ್ತಾಳೆ: "ಏಪ್ರನ್ ಬಿಚ್ಚು ಅಂತ ಒಂದ್ಮಾತು ಹೇಳ್ಬಾರ್ದಿತ್ತಾ?"

"ಅದು ಇರ್ಲಿ ಅಂತಾನೇ ಬಿಟ್ಟೆ, ಅಮ್ಮಾ."